ಏಳನೆಯ ವರ್ಷದ ಚಿತ್ರ: ರೇಡಿಯೋ ಅಯೋಡಿನ್ ಪಡೆದ ಥೈರಾಯ್ಡ್ ಗಂಟಿನ ಒಂದು ಪ್ರಕರಣ

ಐವತ್ತೊಂಬತ್ತು ವರ್ಷದ ಮಹಿಳೆಯೊಬ್ಬರಿಗೆ ಆಗಾಗ ತಲೆಸುತ್ತು ಬರುತ್ತಿದ್ದುದರಿಂದ ಕುತ್ತಿಗೆಯ ರಕ್ತನಾಳಗಳ ಡಾಪ್ಲರ್ ಪರೀಕ್ಷೆ, ಎಂದರೆ ರಕ್ತಸಂಚಾರ ತೋರಿಸುವ ಅಲ್ಟ್ರಾಸೌಂಡ್, ನಡೆಯಿತು. ರಕ್ತನಾಳಗಳಲ್ಲಿ ದೋಷವೇನೂ ಇರಲಿಲ್ಲ. ಆದರೆ ಪರೀಕ್ಷೆ ಮಾಡಿದವರ ಕಣ್ಣಿಗೆ ಥೈರಾಯ್ಡಿನ ಬಲಭಾಗದಲ್ಲಿ ಎರಡು ಸೆಂಟಿಮೀಟರಿಗಿಂತ ಸ್ವಲ್ಪ ದೊಡ್ಡದಾದ ಗಂಟೊಂದು ಬಿತ್ತು. ಗಂಟು ಪೂರ್ತಿ ಘನವಾಗಿತ್ತು, ಸುತ್ತಲಿನ ಸ್ನಾಯುವಿಗಿಂತಲೂ ಕಪ್ಪಾಗಿ ಕಾಣುತ್ತಿತ್ತು, ಅಂಚು ಒರಟಾಗಿತ್ತು, ಒಳಗೆ ದಪ್ಪ ಸುಣ್ಣದ ಹರಳುಗಳಿದ್ದವು. ಅಮೆರಿಕದ ವಿಕಿರಣತಜ್ಞರ ಸಂಸ್ಥೆ 2017ರಲ್ಲಿ ಪ್ರಕಟಿಸಿದ, ಗಂಟಿನ ನೋಟಕ್ಕೆ ಅಂಕ ಕೊಟ್ಟು ಕ್ಯಾನ್ಸರಿನ ಸಂಶಯವನ್ನು ಅಳೆಯುವ ಟೈರಾಡ್ಸ್ ಪದ್ಧತಿಯಲ್ಲಿ ಅಂಕಗಳನ್ನು ಕೂಡಿದರೆ ಘನತೆಗೆ 2, ಗಾಢ ಕಪ್ಪಿಗೆ 3, ಒರಟು ಅಂಚಿಗೆ 2, ದಪ್ಪ ಸುಣ್ಣಕ್ಕೆ 1, ಒಟ್ಟು 8 ಆಗುತ್ತದೆ. 7 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದ ಗಂಟು ಐದನೆಯ, ಎಂದರೆ ಅತಿ ಹೆಚ್ಚು ಸಂಶಯದ ವರ್ಗಕ್ಕೆ ಸೇರುತ್ತದೆ. ಅದು ಒಂದು ಸೆಂಟಿಮೀಟರ್ ದಾಟಿದ್ದರೆ ಸೂಜಿ ಪರೀಕ್ಷೆ ಮಾಡಬೇಕೆಂಬುದು ಆ ಪದ್ಧತಿಯ ಸೂಚನೆ. ಅದರಂತೆ ಸೂಜಿ ಪರೀಕ್ಷೆಯೂ ಆಯಿತು. ಜೀವಕೋಶಗಳ ವರದಿ ಬೆಥೆಸ್ಡಾ ಎಂಬ ವರ್ಗೀಕರಣದ ಮೂರನೆಯ ವರ್ಗವೆಂದು ಬಂತು. ಕೋಶಕೇಂದ್ರಗಳು ಸಹಜವಾಗಿಲ್ಲ, ಆದರೆ ಕ್ಯಾನ್ಸರ್ ಎನ್ನುವಷ್ಟು ಖಚಿತವೂ ಇಲ್ಲ ಎಂಬುದು ಅದರ ತಾತ್ಪರ್ಯ. ಥೈರಾಯ್ಡಿನ ಬಲಭಾಗವನ್ನು ತೆಗೆದುಹಾಕುವುದು ಒಳ್ಳೆಯದೆಂಬ ಸಲಹೆ ಬಂದು ದಿನವೂ ಗೊತ್ತಾಗಿತ್ತು.

ಶಸ್ತ್ರವೈದ್ಯರು ಗಂಟು ಯಾವಾಗಿನಿಂದ ಇದೆ ಎಂದು ಕೇಳದೆ ಹೋಗಿದ್ದರೆ ಈ ಪ್ರಕರಣ ಬರೆಯುವ ಸಂದರ್ಭವೇ ಬರುತ್ತಿರಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಅವರು ಹಳೆಯ ಕಡತಕ್ಕಾಗಿ ನಮ್ಮ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗಕ್ಕೆ ಬಂದರು. ಏಳು ವರ್ಷಗಳ ಹಿಂದೆ ಇದೇ ಗಂಟಿಗೆ ಆ ಮಹಿಳೆ ರೇಡಿಯೋ ಅಯೋಡಿನ್, ಎಂದರೆ ವಿಕಿರಣ ಸೂಸುವ ಅಯೋಡಿನ್ ನುಂಗಿಸುವ ಚಿಕಿತ್ಸೆ ಪಡೆದಿದ್ದರು. ಡಾಪ್ಲರ್ ಮಾಡಿದವರಿಗಾಗಲಿ, ಸೂಜಿ ಹಾಕಿದವರಿಗಾಗಲಿ, ಸೂಕ್ಷ್ಮದರ್ಶಕದಲ್ಲಿ ಕೋಶಗಳನ್ನು ನೋಡಿದವರಿಗಾಗಲಿ ಆ ಸಂಗತಿ ತಿಳಿದಿರಲಿಲ್ಲ. ಮುಚ್ಚಿಡಬೇಕೆಂದು ಅವರು ಹೇಳದೆ ಇದ್ದದ್ದಲ್ಲ. "ಆಗ ಒಂದು ಕ್ಯಾಪ್ಸೂಲ್ ನುಂಗಿಸಿದ್ದರು, ಅಷ್ಟೇ. ಆಪರೇಷನ್ ಏನೂ ಆಗಿಲ್ಲ ಅಂತಲೇ ಎಲ್ಲರಿಗೂ ಹೇಳಿದೆ" ಎಂದರು. ಕೇಳಿದ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಸರಿಯಾಗಿಯೇ ಇತ್ತು.

ಮುಂದಿನ ವಿವರಗಳು ಒಬ್ಬರೇ ರೋಗಿಯ ಕಡತದ ನಕಲಲ್ಲ. ಇಂಥ ಚಿಕಿತ್ಸೆ ಪಡೆದವರಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಒಬ್ಬರ ಕಥೆಯಾಗಿ ಹೆಣೆದು ಹೇಳಲಾಗಿದೆ.

ಚಿಕಿತ್ಸೆಗೆ ಮುನ್ನ

ಐವತ್ತೆರಡನೆಯ ವಯಸ್ಸಿನಲ್ಲಿ ಅವರು ಮೊದಲು ಬಂದಾಗ ಎದೆಬಡಿತ ಜೋರಾಗುತ್ತಿದೆ, ಕೈ ನಡುಗುತ್ತಿದೆ, ಹಸಿವು ಕಡಿಮೆಯಾಗದಿದ್ದರೂ ಆರು ತಿಂಗಳಲ್ಲಿ ಐದು ಕಿಲೋ ತೂಕ ಇಳಿದಿದೆ ಎಂಬ ದೂರುಗಳಿದ್ದವು. ಥೈರಾಯ್ಡಿಗೆ ಆಜ್ಞೆ ಕೊಡುವ, ಪಿಟ್ಯೂಟರಿ ಗ್ರಂಥಿಯ ಹಾರ್ಮೋನಾದ ಟಿಎಸ್‌ಎಚ್ ಲೀಟರಿಗೆ 0.01 ಮಿಲಿಯೂನಿಟ್‌ಗಿಂತ ಕಡಿಮೆಯಿತ್ತು, ಥೈರಾಯ್ಡಿನ ಎರಡು ಹಾರ್ಮೋನುಗಳಲ್ಲಿ ಟಿ4 ಸಹಜದ ಮೇಲಿನ ಮಿತಿಯನ್ನು ತುಸುವೇ ದಾಟಿತ್ತು, ಟಿ3 ಮಾತ್ರ ಸ್ಪಷ್ಟವಾಗಿ ಏರಿತ್ತು. ದೇಹದ ರಕ್ಷಣಾವ್ಯವಸ್ಥೆಯೇ ಥೈರಾಯ್ಡನ್ನು ಕೆರಳಿಸುವ ಗ್ರೇವ್ಸ್ ಕಾಯಿಲೆಯನ್ನು ಸೂಚಿಸುವ ಪ್ರತಿಕಾಯಗಳು ಇರಲಿಲ್ಲ, ಕಣ್ಣುಗಳು ಸಹಜವಾಗಿದ್ದವು. ಕುತ್ತಿಗೆಯ ಬಲಕ್ಕೆ ನುಂಗುವಾಗ ಮೇಲಕ್ಕೂ ಕೆಳಕ್ಕೂ ಸರಿಯುವ, ನುಣುಪಾದ ಒಂದೇ ಗಂಟು ಕೈಗೆ ಸಿಗುತ್ತಿತ್ತು.

ಕೆಲಸ ಮಾಡುತ್ತಿರುವ ಥೈರಾಯ್ಡ್ ಭಾಗವನ್ನಷ್ಟೇ ಬೆಳಗಿಸುವ ಟೆಕ್ನೀಷಿಯಂ-99ಎಂ ಸ್ಕ್ಯಾನಿನಲ್ಲಿ ಆ ಗಂಟೊಂದೇ ಕಾಣಿಸಿತು. ಎಡಭಾಗವಾಗಲಿ, ಬಲಭಾಗದ ಉಳಿದ ಗ್ರಂಥಿಯಾಗಲಿ ಚಿತ್ರದಲ್ಲಿ ಇರಲೇ ಇಲ್ಲ. ಹೀಗಾಗಲು ಕಾರಣವಿದೆ. ಸಹಜ ಥೈರಾಯ್ಡ್ ಕೋಶಗಳು ಪಿಟ್ಯೂಟರಿಯಿಂದ ಬರುವ ಟಿಎಸ್‌ಎಚ್ ಆಜ್ಞೆ ಕೊಟ್ಟಾಗ ಮಾತ್ರ ಕೆಲಸ ಮಾಡುತ್ತವೆ. ಈ ಬಗೆಯ ಗಂಟುಗಳಲ್ಲಿ ಬಹಳಷ್ಟರಲ್ಲಿ ಟಿಎಸ್‌ಎಚ್ ಗ್ರಾಹಕದ ವಂಶವಾಹಿಯಲ್ಲಿ ಆ ಗಂಟಿಗಷ್ಟೇ ಸೀಮಿತವಾದ ಬದಲಾವಣೆಯೊಂದು ಆಗಿರುತ್ತದೆ, ಇದು 1993ರಿಂದ ತಿಳಿದಿರುವ ಸಂಗತಿ. ಅದರಿಂದಾಗಿ ಆಜ್ಞೆಯಿಲ್ಲದೆಯೂ ಗಂಟು ಹಾರ್ಮೋನು ತಯಾರಿಸುತ್ತ ಹೋಗುತ್ತದೆ, ರಕ್ತದಲ್ಲಿ ಹಾರ್ಮೋನು ಹೆಚ್ಚಾದಾಗ ಪಿಟ್ಯೂಟರಿ ಟಿಎಸ್‌ಎಚ್ ನಿಲ್ಲಿಸುತ್ತದೆ, ಉಳಿದ ಗ್ರಂಥಿ ಕೈಕಟ್ಟಿ ಕೂರುತ್ತದೆ. ಸ್ಕ್ಯಾನಿನಲ್ಲಿ ಹೀಗೆ ಬೆಳಗುವ ಗಂಟನ್ನು ವೈದ್ಯರು ಹಾಟ್ ನಾಡ್ಯೂಲ್ ಎನ್ನುತ್ತಾರೆ, ಬೆಳಗದೆ ಕಪ್ಪಾಗಿ ಉಳಿಯುವುದನ್ನು ಕೋಲ್ಡ್ ನಾಡ್ಯೂಲ್ ಎನ್ನುತ್ತಾರೆ.

ಆಗಿನ ಅಲ್ಟ್ರಾಸೌಂಡ್ ಚಿತ್ರ ಕಡತದಲ್ಲಿ ಭದ್ರವಾಗಿತ್ತು. ಗಂಟಿನ ಅಳತೆ 3.4, 2.6 ಮತ್ತು 2.4 ಸೆಂಟಿಮೀಟರ್. ಬಣ್ಣ ಸುತ್ತಲಿನ ಗ್ರಂಥಿಯಷ್ಟೇ ಬೂದು, ಅಂಚು ನುಣುಪು, ಸುತ್ತಲೂ ತೆಳುವಾದ ಕಪ್ಪು ಗೆರೆ, ಡಾಪ್ಲರಿನಲ್ಲಿ ಒಳಗೂ ಹೊರಗೂ ಧಾರಾಳ ರಕ್ತಸಂಚಾರ, ಸುಣ್ಣದ ಗುರುತೇ ಇಲ್ಲ. ಟೈರಾಡ್ಸ್ ಲೆಕ್ಕದಲ್ಲಿ ಇದಕ್ಕೆ ಸಿಗುವುದು 3 ಅಂಕ ಮಾತ್ರ. ಗಾತ್ರವೊಂದನ್ನೇ ನೋಡಿದರೆ ಆಗಲೂ ಸೂಜಿ ಪರೀಕ್ಷೆ ಮಾಡಬಹುದಿತ್ತು. ಆದರೆ ಟಿಎಸ್‌ಎಚ್ ಅಡಗಿದ್ದು ಸ್ಕ್ಯಾನಿನಲ್ಲಿ ಗಂಟು ಹಾಟ್ ಎಂದು ಕಂಡರೆ ಕ್ಯಾನ್ಸರಿನ ಸಾಧ್ಯತೆ ಬಹಳ ವಿರಳವಾದ್ದರಿಂದ ಸೂಜಿ ಅಗತ್ಯವಿಲ್ಲವೆಂಬುದು ಒಪ್ಪಿತ ನಿಯಮ, ನಾವೂ ಅದನ್ನೇ ಅನುಸರಿಸಿದೆವು. ಆ ದಿನ ಸೂಜಿ ಹಾಕದೆ ಇದ್ದದ್ದು ಸರಿಯಾದ ತೀರ್ಮಾನವೇ. ಆದರೆ ಚಿಕಿತ್ಸೆಗೆ ಮೊದಲಿನ ಕೋಶಗಳ ಮಾದರಿ ನಮ್ಮಲ್ಲಿ ಇಲ್ಲದೆ ಹೋಗಿ, ಏಳು ವರ್ಷಗಳ ನಂತರ ಹೋಲಿಸಿ ನೋಡಲು ಏನೂ ಉಳಿಯಲಿಲ್ಲ.

ಶಸ್ತ್ರಚಿಕಿತ್ಸೆ ಮತ್ತು ರೇಡಿಯೋ ಅಯೋಡಿನ್ ಎರಡರ ಒಳಿತು ಕೆಡುಕುಗಳನ್ನೂ ವಿವರಿಸಲಾಯಿತು, ಅವರು ಎರಡನೆಯದನ್ನು ಆರಿಸಿಕೊಂಡರು. ಮಾತ್ರೆಗಳಿಂದ ಹಾರ್ಮೋನನ್ನು ಹತೋಟಿಯಲ್ಲಿಡಬಹುದಾದರೂ ಗ್ರೇವ್ಸ್ ಕಾಯಿಲೆ ಕೆಲವೊಮ್ಮೆ ಶಮನವಾಗುವಂತೆ ಇದು ತಾನಾಗಿ ಶಮನವಾಗುವುದಿಲ್ಲ, ಮಾತ್ರೆ ನಿಲ್ಲಿಸಿದೊಡನೆ ಮರುಕಳಿಸುತ್ತದೆ. ಹಾಗೆಯೇ ಬಿಟ್ಟರೆ ಹೃದಯದ ಲಯ ತಪ್ಪುವ ಅಪಾಯವೂ ಮೂಳೆ ಸವೆಯುವ ಅಪಾಯವೂ ವಯಸ್ಸಿನೊಂದಿಗೆ ಏರುತ್ತವೆ.

ಅಯೋಡಿನ್ ಕೆಲಸ ಮಾಡುವ ಬಗೆ

ಕೊಟ್ಟದ್ದು 15 ಮಿಲಿಕ್ಯೂರಿ, ಎಂದರೆ 555 ಮೆಗಾಬೆಕೆರೆಲ್ ಅಯೋಡಿನ್-131. ಇಂಥ ಗಂಟಿಗೆ 10ರಿಂದ 20 ಮಿಲಿಕ್ಯೂರಿವರೆಗಿನ ನಿಗದಿತ ಪ್ರಮಾಣ ಕೊಡುವುದು ಒಂದು ರೂಢಿ. ಗಂಟಿನ ಪ್ರತಿ ಗ್ರಾಮಿಗೆ 150ರಿಂದ 200 ಮೈಕ್ರೋಕ್ಯೂರಿ ಎಂದು ಹಿಡಿದು, 24 ಗಂಟೆಗಳಲ್ಲಿ ಗ್ರಂಥಿ ಎಷ್ಟು ಪಾಲು ಅಯೋಡಿನನ್ನು ಎಳೆದುಕೊಳ್ಳುತ್ತದೆ ಎಂಬುದನ್ನು ಅಳೆದು ಲೆಕ್ಕ ಹಾಕುವುದು ಇನ್ನೊಂದು ರೂಢಿ. ಲೆಕ್ಕದ ದಾರಿಯಲ್ಲಿ ಇವರಿಗೆ ಇದರ ಮೂರನೆಯ ಒಂದು ಪಾಲು ಸಾಕಾಗುತ್ತಿತ್ತು. ಒಮ್ಮೆಗೇ ಕಾಯಿಲೆ ಮುಗಿಯಲಿ ಎಂಬ ಉದ್ದೇಶದಿಂದ ನಿಗದಿತ ಪ್ರಮಾಣವನ್ನೇ ಕೊಟ್ಟೆವು. ನಂತರದ ಚಿತ್ರಗಳಲ್ಲಿ ಕಂಡ ಗಾಢ ಬದಲಾವಣೆಗೆ ಈ ಆಯ್ಕೆಯೂ ಒಂದು ಕಾರಣವಿರಬಹುದು ಎಂಬ ಅನುಮಾನ ನನಗಿದೆ.

ಮುಖ್ಯವಾದ ಸಿದ್ಧತೆ ಒಂದೇ. ಚಿಕಿತ್ಸೆಯ ದಿನ ಟಿಎಸ್‌ಎಚ್ ಅಡಗಿಯೇ ಇರಬೇಕು. ಹಾರ್ಮೋನು ತಯಾರಿಕೆಯನ್ನು ತಡೆಯುವ ಮಾತ್ರೆಗಳಿಂದ ಮೊದಲೇ ಹಾರ್ಮೋನು ಇಳಿಸಿ ಟಿಎಸ್‌ಎಚ್ ಏರಲು ಬಿಟ್ಟರೆ ಮಲಗಿದ್ದ ಸಹಜ ಗ್ರಂಥಿ ಎಚ್ಚೆತ್ತು ತಾನೂ ಅಯೋಡಿನ್ ಹೀರಿಕೊಳ್ಳುತ್ತದೆ, ಗಂಟಿಗೆ ಸಲ್ಲಬೇಕಾದ ಏಟು ಅದಕ್ಕೂ ಬೀಳುತ್ತದೆ. ಆದ್ದರಿಂದ ಎದೆಬಡಿತಕ್ಕೆ ಬೀಟಾ ತಡೆ ಮಾತ್ರೆಯನ್ನಷ್ಟೇ ಕೊಟ್ಟು, ಟಿಎಸ್‌ಎಚ್ ಏರದಂತೆ ನೋಡಿಕೊಂಡು ಕ್ಯಾಪ್ಸೂಲ್ ಕೊಡಲಾಯಿತು.

ಅಯೋಡಿನ್-131ರ ಅರ್ಧಾಯುಷ್ಯ ಸುಮಾರು 8 ದಿನ. ಅದು ಹೊರಸೂಸುವ ಬೀಟಾ ಕಣಗಳು ಅಂಗಾಂಶದಲ್ಲಿ ಸರಾಸರಿ ಒಂದು ಮಿಲಿಮೀಟರನ್ನೂ ಸಾಗುವುದಿಲ್ಲ, ಗರಿಷ್ಠವೆಂದರೆ ಎರಡು ಮಿಲಿಮೀಟರಿನ ಆಸುಪಾಸು. ಹಾಗಾಗಿ ಅಯೋಡಿನ್ ಸೇರಿದ ಕೋಶಗಳು ಮತ್ತು ಅವಕ್ಕೆ ತಾಗಿಕೊಂಡಿರುವ ಕೋಶಗಳು ಸುಡುತ್ತವೆ, ದೂರದವು ಉಳಿಯುತ್ತವೆ. ಎರಡು ತಿಂಗಳು ಕಳೆದರೆ ಗ್ರಂಥಿಯಲ್ಲಿ ಲೆಕ್ಕಕ್ಕೆ ಸಿಗುವಷ್ಟು ವಿಕಿರಣ ಉಳಿದಿರುವುದಿಲ್ಲ. ಆದರೆ ಪೆಟ್ಟು ತಿಂದ ಅಂಗಾಂಶದ ಪ್ರತಿಕ್ರಿಯೆ ಅಲ್ಲಿಗೆ ನಿಲ್ಲುವುದಿಲ್ಲ. ಕೋಶಗಳು ನಿಧಾನವಾಗಿ ಸಾಯುತ್ತವೆ, ಸಣ್ಣ ರಕ್ತನಾಳಗಳ ಗೋಡೆ ದಪ್ಪವಾಗಿ ಮುಚ್ಚಿಕೊಳ್ಳುತ್ತದೆ, ಖಾಲಿಯಾದ ಜಾಗದಲ್ಲಿ ನಾರಿನ ಅಂಗಾಂಶ ಬೆಳೆಯುತ್ತದೆ, ಸತ್ತ ಭಾಗಗಳಲ್ಲಿ ವರ್ಷಗಳು ಉರುಳಿದಂತೆ ಸುಣ್ಣ ಕಟ್ಟುತ್ತದೆ. ಔಷಧಿ ಎರಡು ತಿಂಗಳಲ್ಲಿ ಮುಗಿದರೂ ಅದು ಬರೆದ ಚಿತ್ರ ಹಲವು ವರ್ಷ ತಿದ್ದುಪಡಿಯಾಗುತ್ತಲೇ ಇರುತ್ತದೆ.

ಮೊದಲ ಎರಡು ವರ್ಷ ಎಲ್ಲವೂ ಪಠ್ಯಪುಸ್ತಕದಂತೆ ನಡೆಯಿತು. ಆರನೆಯ ವಾರಕ್ಕೆ ಟಿ3 ಮತ್ತು ಟಿ4 ಸಹಜಕ್ಕೆ ಬಂದವು, ಆರನೆಯ ತಿಂಗಳಿಗೆ ಟಿಎಸ್‌ಎಚ್ 1.8 ಆಯಿತು. ಆಗ ಮಾಡಿದ ಸ್ಕ್ಯಾನಿನಲ್ಲಿ ಅದುವರೆಗೆ ಕಾಣದಿದ್ದ ಎಡಭಾಗ ಸ್ಪಷ್ಟವಾಗಿ ಮೂಡಿತ್ತು, ಗಂಟು ಇನ್ನೂ ಮಂದವಾಗಿ ಬೆಳಗುತ್ತಿತ್ತು. ಗಂಟು ಇನ್ನೂ ಕಾಣುತ್ತಿದೆಯಲ್ಲ, ಚಿಕಿತ್ಸೆ ಫಲಿಸಲಿಲ್ಲವೇ ಎಂಬ ಪ್ರಶ್ನೆ ಈ ಹಂತದಲ್ಲಿ ಸಾಮಾನ್ಯ. ಟಿಎಸ್‌ಎಚ್ ಮರಳಿ ಬಂದಿದೆ, ಉಳಿದ ಗ್ರಂಥಿ ಎದ್ದು ಕುಳಿತಿದೆ ಎಂದಮೇಲೆ ಗಂಟಿನ ದರ್ಬಾರು ಮುಗಿದಿದೆ ಎಂದೇ ಅರ್ಥ. ಅದರಲ್ಲಿ ಉಳಿದಿರುವ ಮಂದ ಬೆಳಕಿಗಾಗಿ ಎರಡನೆಯ ಸಲ ಅಯೋಡಿನ್ ಕೊಡಬೇಕಾಗಿಲ್ಲ. ಆರು ತಿಂಗಳ ನಂತರವೂ ಟಿಎಸ್‌ಎಚ್ ಅಡಗಿಯೇ ಇದ್ದು ಹಾರ್ಮೋನು ಏರಿಯೇ ಇದ್ದರೆ ಮಾತು ಬೇರೆ.

ಗಾತ್ರದ ವಿಷಯದಲ್ಲಿ ರೋಗಿಗೆ ನಿರಾಸೆಯಾಯಿತು. ಮೂರು ತಿಂಗಳಿಗೆ ಗಂಟಿನ ಉದ್ದ 3.4ರಿಂದ 2.9 ಸೆಂಟಿಮೀಟರಿಗೆ, ಎರಡು ವರ್ಷಕ್ಕೆ 2.7ಕ್ಕೆ ಇಳಿದಿತ್ತು. ಇಷ್ಟು ದಿನಕ್ಕೆ ಏಳೇ ಮಿಲಿಮೀಟರೇ ಎಂದು ಅವರು ಕೇಳಿದ್ದು ಕಡತದಲ್ಲಿ ಬರೆದಿದೆ. ಉದ್ದ, ಅಗಲ, ಆಳಗಳನ್ನು ಗುಣಿಸಿ 0.52ರಿಂದ ಮತ್ತೆ ಗುಣಿಸಿದರೆ ಗಂಟಿನ ಘನಗಾತ್ರ ಸಿಗುತ್ತದೆ. ಆ ಲೆಕ್ಕದಲ್ಲಿ ಮೊದಲು 11 ಮಿಲಿಲೀಟರ್ ಇದ್ದದ್ದು ಮೂರು ತಿಂಗಳಿಗೆ 7.3, ಎರಡು ವರ್ಷಕ್ಕೆ 5.9 ಆಗಿತ್ತು. ಉದ್ದ ಐದನೆಯ ಒಂದು ಪಾಲು ಕುಗ್ಗಿದ್ದರೂ ಗಂಟು ಹೆಚ್ಚುಕಡಿಮೆ ಅರ್ಧವಾಗಿತ್ತು. ಇಂಥ ಗಂಟುಗಳು ಸರಾಸರಿ ಮೂರು ತಿಂಗಳಲ್ಲಿ ಶೇಕಡಾ 35ರಷ್ಟು, ಎರಡು ವರ್ಷದಲ್ಲಿ ಶೇಕಡಾ 45ರಷ್ಟು ಕುಗ್ಗುತ್ತವೆ ಎಂಬುದು ಅಮೆರಿಕನ್ ಥೈರಾಯ್ಡ್ ಸಂಘದ ಮಾರ್ಗಸೂಚಿಯಲ್ಲಿ ಉಲ್ಲೇಖವಾಗಿರುವ ಅಂಕಿ, ಇವರದ್ದೂ ಅದಕ್ಕೆ ಹೊಂದುತ್ತದೆ. ರೇಡಿಯೋ ಅಯೋಡಿನ್ ಗಂಟನ್ನು ಸುಮ್ಮನಾಗಿಸುತ್ತದೆ, ಇಲ್ಲವಾಗಿಸುವುದು ಅಪರೂಪ. ಈ ಮಾತನ್ನು ಕ್ಯಾಪ್ಸೂಲ್ ಕೊಡುವ ಮೊದಲೇ ಬಿಡಿಸಿ ಹೇಳಿದ್ದರೆ ಅವರ ನಿರಾಸೆ ತಪ್ಪುತ್ತಿತ್ತು.

ಎರಡನೆಯ ವರ್ಷದಿಂದ ಆರನೆಯ ವರ್ಷದವರೆಗೆ ಕಡತದಲ್ಲಿ ಚಿತ್ರಗಳಿಲ್ಲ, ರಕ್ತಪರೀಕ್ಷೆಗಳು ಮಾತ್ರ ಇವೆ. ಹಾರ್ಮೋನು ಸರಿಯಿದೆ ಎಂದಮೇಲೆ ಚಿತ್ರ ಯಾಕೆ ಎಂಬುದು ಆಗಿನ ಧೋರಣೆ. ಆರನೆಯ ವರ್ಷ ಟಿಎಸ್‌ಎಚ್ 7.9ಕ್ಕೆ ಏರಿತು, ಎಂದರೆ ಥೈರಾಯ್ಡ್ ಹಾರ್ಮೋನು ಸಾಲದಾಗತೊಡಗಿತ್ತು, ಅದನ್ನು ತುಂಬಿಕೊಡುವ ಲೆವೊಥೈರಾಕ್ಸಿನ್ ಮಾತ್ರೆ ದಿನಕ್ಕೆ 50 ಮೈಕ್ರೋಗ್ರಾಮಿನಂತೆ ಆರಂಭವಾಯಿತು. ಇದು ಅನಿರೀಕ್ಷಿತವೇನಲ್ಲ. ಸಹಜ ಗ್ರಂಥಿ ಮಲಗಿದ್ದರೂ ಅದಕ್ಕೆ ಅಷ್ಟಿಷ್ಟು ವಿಕಿರಣ ತಾಗಿಯೇ ತಾಗುತ್ತದೆ. ಇಂಥ ಒಂಟಿ ಗಂಟಿಗೆ ಚಿಕಿತ್ಸೆ ಪಡೆದವರನ್ನು ದೀರ್ಘಕಾಲ ಗಮನಿಸಿದ ಅಧ್ಯಯನವೊಂದರಲ್ಲಿ 20 ವರ್ಷಗಳ ಹೊತ್ತಿಗೆ ಸುಮಾರು ಶೇಕಡಾ 60 ಮಂದಿಯಲ್ಲಿ ಹಾರ್ಮೋನಿನ ಕೊರತೆ ಕಂಡಿತ್ತು. ಅಡ್ಡಪರಿಣಾಮವೊಂದು ಇಲ್ಲಿ ಸಂವಹನವನ್ನೂ ಕೆಡಿಸಿತು. ಅಲ್ಲಿಂದ ಮುಂದೆ ಯಾರು ಕೇಳಿದರೂ ಅವರು ಹೇಳುತ್ತಿದ್ದುದು "ನನಗೆ ಥೈರಾಯ್ಡ್ ಕಡಿಮೆ, ಮಾತ್ರೆ ತೆಗೆದುಕೊಳ್ಳುತ್ತೇನೆ" ಎಂದು. ಗಂಟು ಒಂದು ಕಾಲದಲ್ಲಿ ಅತಿಯಾಗಿ ಕೆಲಸ ಮಾಡುತ್ತಿತ್ತು ಎಂಬುದನ್ನು ಆ ಮಾತಿನಿಂದ ಯಾರೂ ಊಹಿಸಲಾರರು.

ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟಾಗ

ಏಳನೆಯ ವರ್ಷದ ಅಳತೆ 2.2, 1.7, 1.6 ಸೆಂಟಿಮೀಟರ್, ಘನಗಾತ್ರ 3.1 ಮಿಲಿಲೀಟರ್. ಆರಂಭಕ್ಕೆ ಹೋಲಿಸಿದರೆ ಶೇಕಡಾ 72 ಕುಗ್ಗಿದೆ. ಹೊಸ ವರದಿಯಲ್ಲಿ ಇದು "ಹೊಸದಾಗಿ ಪತ್ತೆಯಾದ ಎರಡು ಸೆಂಟಿಮೀಟರಿನ ಗಂಟು", ನಮ್ಮ ಕಡತದ ಪಕ್ಕದಲ್ಲಿಟ್ಟರೆ ಮುಕ್ಕಾಲು ಪಾಲು ಕರಗಿದ ಹಳೆಯ ಗಂಟು. ಹಾಗೆಂದು ಹೊಸ ವರದಿಯ ಒಂದಕ್ಷರವೂ ಸುಳ್ಳಲ್ಲ.

ಸಂಶಯ ಹುಟ್ಟಿಸಿದ ಲಕ್ಷಣಗಳನ್ನು ಒಂದೊಂದಾಗಿ ನೋಡಿದೆವು. ಥೈರಾಯ್ಡಿನ ಸಹಜ ಕೋಶಗುಚ್ಛಗಳ ಒಳಗೆ ಅಂಟಿನಂಥ ದ್ರವವಿರುವುದರಿಂದಲೇ ಅದು ಅಲ್ಟ್ರಾಸೌಂಡಿನಲ್ಲಿ ಬೆಳ್ಳಗೆ ಕಾಣುತ್ತದೆ. ಆ ಗುಚ್ಛಗಳು ನಾಶವಾಗಿ ನಾರು ತುಂಬಿಕೊಂಡರೆ ಬಣ್ಣ ಕಪ್ಪಾಗುತ್ತದೆ. ನುಣುಪಾಗಿದ್ದ ಗಂಟು ಎಲ್ಲ ಕಡೆಯಿಂದಲೂ ಒಂದೇ ಸಮನೆ ಕುಗ್ಗುವುದಿಲ್ಲ, ಅಯೋಡಿನ್ ಹೆಚ್ಚು ಸೇರಿದ ಕಡೆ ಹೆಚ್ಚು ಸುಕ್ಕುಗಟ್ಟುತ್ತದೆ, ಆದ್ದರಿಂದ ಅಂಚು ಒರಟಾಗುತ್ತದೆ. ಸತ್ತ ಅಂಗಾಂಶದಲ್ಲಿ ಕಟ್ಟಿದ ಸುಣ್ಣ ಸಾಮಾನ್ಯವಾಗಿ ದಪ್ಪಗಿರುತ್ತದೆ. ಪ್ಯಾಪಿಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರಿನಲ್ಲಿ ಹೆಚ್ಚು ಸಂಶಯ ಹುಟ್ಟಿಸುವ ಸೂಜಿಮೊನೆಯಷ್ಟು ಸಣ್ಣ ಬಿಳಿ ಚುಕ್ಕೆಗಳು ಈ ಗಂಟಿನಲ್ಲಿ ಇರಲಿಲ್ಲ. ಮೊದಲು ಧಾರಾಳವಾಗಿದ್ದ ರಕ್ತಸಂಚಾರ ಈಗ ಬಹುಪಾಲು ನಿಂತಿತ್ತು. ಒತ್ತಿ ಗಡಸುತನ ಅಳೆಯುವ ಎಲಾಸ್ಟೋಗ್ರಫಿಯನ್ನು ನಾವು ಬೇಕೆಂದೇ ಮಾಡಲಿಲ್ಲ. ಗಾಯದ ಕಲೆಯೂ ಗಡಸು, ಕ್ಯಾನ್ಸರೂ ಗಡಸು. ಬರುವ ಉತ್ತರದಿಂದ ನಮಗೆ ಉಪಯೋಗವಿರಲಿಲ್ಲ.

ಸ್ಕ್ಯಾನನ್ನು ಮತ್ತೊಮ್ಮೆ ಮಾಡಿದೆವು. ಎಡಭಾಗ ಚೆನ್ನಾಗಿ ಬೆಳಗಿತು, ಗಂಟಿದ್ದ ಜಾಗ ಖಾಲಿ. ಹಾಟ್ ಆಗಿದ್ದದ್ದು ಕೋಲ್ಡ್ ಆಗಿತ್ತು. ಇತಿಹಾಸ ಗೊತ್ತಿಲ್ಲದವರಿಗೆ ಇದು ಸಂಶಯವನ್ನು ಇನ್ನಷ್ಟು ಹೆಚ್ಚಿಸುವ ಚಿತ್ರ, ಏಕೆಂದರೆ ಥೈರಾಯ್ಡ್ ಕ್ಯಾನ್ಸರುಗಳಲ್ಲಿ ಬಹುಪಾಲು ಕೋಲ್ಡ್ ಗಂಟುಗಳಾಗಿಯೇ ಕಾಣುತ್ತವೆ. ಗೊತ್ತಿರುವವರಿಗೆ ಚಿಕಿತ್ಸೆ ಪೂರ್ತಿಯಾಗಿ ಫಲಿಸಿದ ಚಿತ್ರ. ಅಂಕ ಕೊಡುವ ಪದ್ಧತಿಗಳಲ್ಲಿ ಈ ವ್ಯತ್ಯಾಸಕ್ಕೆ ಜಾಗವಿಲ್ಲ. ಟೈರಾಡ್ಸ್ ಗಂಟಿನ ರೂಪವನ್ನು ಮಾತ್ರ ಕೇಳುತ್ತದೆ, ಅದರ ಪೂರ್ವಚರಿತ್ರೆಯನ್ನು ಕೇಳುವುದಿಲ್ಲ. ಚಿಕಿತ್ಸೆಯಾಗದ ಗಂಟುಗಳನ್ನು ಜರಡಿ ಹಿಡಿಯಲು ಮಾಡಿದ ಸಾಧನವನ್ನು ಸುಟ್ಟ ಗಂಟಿಗೆ ಹಚ್ಚಿದರೆ ಬರುವ ಅಂಕಕ್ಕೆ ಅದೇ ಬೆಲೆ ಇರುವುದಿಲ್ಲ.

ಜೀವಕೋಶಗಳ ಸ್ಲೈಡುಗಳನ್ನು ಅದೇ ರೋಗಶಾಸ್ತ್ರಜ್ಞರಿಗೆ ಮರಳಿ ಕಳುಹಿಸಿ ರೇಡಿಯೋ ಅಯೋಡಿನ್ ಸಂಗತಿಯನ್ನು ತಿಳಿಸಿದೆವು. ವಿಕಿರಣ ತಾಗಿದ ಥೈರಾಯ್ಡ್ ಕೋಶಗಳಲ್ಲಿ ಕೋಶಕೇಂದ್ರ ದೊಡ್ಡದಾಗಿ, ಆಕಾರ ತಪ್ಪಿ, ಬಣ್ಣ ಗಾಢವಾಗಿ ಕಾಣುವುದು ಬಹಳ ವರ್ಷಗಳ ನಂತರವೂ ಉಳಿಯಬಹುದು. ಮರು ಓದಿನಲ್ಲಿ ಅವರು ಇದನ್ನು ಒಪ್ಪಿ, ಕೋಶಗಳಲ್ಲಿರುವ ವ್ಯತ್ಯಾಸ ವಿಕಿರಣಕ್ಕೆ ಹೊಂದುವಂಥದ್ದೆಂದು ಬರೆದರು. ವರ್ಗವನ್ನು ಮಾತ್ರ ಬದಲಿಸಲಿಲ್ಲ. ಇತಿಹಾಸ ತಿಳಿದ ಮಾತ್ರಕ್ಕೆ ಕೋಶಗಳು ಬದಲಾಗಲಿಲ್ಲವಲ್ಲ ಎಂದರು. ಆ ನಿಲುವು ನನಗೆ ಸರಿಯೆನಿಸಿತು.

ಇಲ್ಲಿಗೆ ಎಲ್ಲವೂ ಬಗೆಹರಿಯಿತು ಎಂದುಕೊಳ್ಳುವುದು ಸುಲಭವಿತ್ತು. ಶಸ್ತ್ರವೈದ್ಯರು ಒಪ್ಪಲಿಲ್ಲ. ಹಾಟ್ ಗಂಟಿನಲ್ಲಿ ಕ್ಯಾನ್ಸರ್ ವಿರಳವೇ ಹೊರತು ಇಲ್ಲವೆಂದಲ್ಲ. ದೊಡ್ಡ ಗಂಟು ಕುಗ್ಗುತ್ತಿರುವಾಗ ಅದರೊಳಗೆ ಅಯೋಡಿನ್ ಹೀರದ ಕೆಲವು ಮಿಲಿಮೀಟರಿನ ಕ್ಯಾನ್ಸರ್ ಇದ್ದರೆ ಒಟ್ಟು ಅಳತೆಯಲ್ಲಿ ಅದು ಗೊತ್ತಾಗುವುದಿಲ್ಲ. ಎರಡನೆಯ ವರ್ಷದಿಂದ ಏಳನೆಯ ವರ್ಷದವರೆಗೆ ನಿಮ್ಮಲ್ಲಿ ಒಂದು ಚಿತ್ರವೂ ಇಲ್ಲ, ನಡುವೆ ಗಂಟು ಇನ್ನೂ ಚಿಕ್ಕದಾಗಿದ್ದು ಈಗ ಬೆಳೆಯಲು ತೊಡಗಿಲ್ಲವೆಂದು ಯಾವ ಆಧಾರದ ಮೇಲೆ ಹೇಳುತ್ತೀರಿ ಎಂದು ಕೇಳಿದರು. ಈ ಕೊನೆಯ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಮೂರನೆಯ ಅಥವಾ ನಾಲ್ಕನೆಯ ವರ್ಷದಲ್ಲಿ ಹತ್ತು ನಿಮಿಷದ ಒಂದು ಅಲ್ಟ್ರಾಸೌಂಡ್ ಮಾಡಿದ್ದರೆ ಇರುತ್ತಿತ್ತು.

ಅವರ ಆಕ್ಷೇಪಣೆಯಿಂದಲೇ ಮುಂದಿನ ಹೆಜ್ಜೆ ತೀರ್ಮಾನವಾಯಿತು. ಗಂಟಿನ ಪಕ್ಕದ ದುಗ್ಧಗ್ರಂಥಿಗಳನ್ನು ಅಲ್ಟ್ರಾಸೌಂಡಿನಲ್ಲಿ ಹುಡುಕಿ ನೋಡಲಾಯಿತು, ಸಂಶಯದ್ದು ಒಂದೂ ಇರಲಿಲ್ಲ. ತೆಳು ಸೂಜಿಯ ಬದಲು ಅಂಗಾಂಶದ ಸಣ್ಣ ಎಳೆಯನ್ನೇ ತೆಗೆಯುವ ದಪ್ಪ ಸೂಜಿಯಿಂದ, ಸುಣ್ಣವಿಲ್ಲದ ಎರಡು ಬೇರೆ ಬೇರೆ ಭಾಗಗಳಿಂದ ಮಾದರಿ ತೆಗೆದೆವು. ಬಿಡಿ ಕೋಶಗಳಲ್ಲಿ ಕಾಣದ ರಚನೆ ಎಳೆಯಲ್ಲಿ ಕಾಣುತ್ತದೆ ಎಂಬುದೇ ಇದಕ್ಕೆ ಕಾರಣ. ಎರಡು ಎಳೆಗಳಲ್ಲೂ ಗಾಯದ ಕಲೆಯಂಥ ನಾರು, ಹಳೆಯ ರಕ್ತಸ್ರಾವದ ಕಬ್ಬಿಣದ ಕಣಗಳು, ದಪ್ಪಗೋಡೆಯ ರಕ್ತನಾಳಗಳು, ನಡುನಡುವೆ ಸೊರಗಿದ ಕೋಶಗುಚ್ಛಗಳು ಕಂಡವು. ಪ್ಯಾಪಿಲರಿ ಕ್ಯಾನ್ಸರಿನ ಲಕ್ಷಣ ಸಿಗಲಿಲ್ಲ.

ಶಸ್ತ್ರಚಿಕಿತ್ಸೆಯನ್ನು ಕೈಬಿಡುವುದೆಂದಲ್ಲ, ಮುಂದೂಡುವುದೆಂದು ಎಲ್ಲರೂ ಸೇರಿ ನಿರ್ಧರಿಸಿದೆವು. ಷರತ್ತು ಬರವಣಿಗೆಯಲ್ಲಿತ್ತು. ಗಂಟಿನ ಕನಿಷ್ಠ ಎರಡು ಅಳತೆಗಳು ಶೇಕಡಾ 20ರಷ್ಟು ಹೆಚ್ಚಿ ಆ ಹೆಚ್ಚಳ 2 ಮಿಲಿಮೀಟರಿಗೆ ಕಡಿಮೆಯಿಲ್ಲದಿದ್ದರೆ, ಅಥವಾ ಘನಗಾತ್ರ ಶೇಕಡಾ 50ಕ್ಕಿಂತ ಹೆಚ್ಚಾಗಿ ಬೆಳೆದರೆ, ಅಥವಾ ಸಂಶಯದ ದುಗ್ಧಗ್ರಂಥಿ ಕಂಡರೆ ಗ್ರಂಥಿಯ ಬಲಭಾಗವನ್ನು ತೆಗೆಯುವುದು. ಇದಕ್ಕಿಂತ ಸಣ್ಣ ಏರುಪೇರು ಅಳೆಯುವವರ ಕೈ ಬದಲಾದರೂ ಬರುತ್ತದೆ, ಅದನ್ನು ಬೆಳವಣಿಗೆ ಎನ್ನಲಾಗದು. ಸುಟ್ಟ ಗಂಟು ಕಪ್ಪಾಗಬಹುದು, ಒರಟಾಗಬಹುದು, ಸುಣ್ಣ ಕಟ್ಟಬಹುದು. ಆದರೆ ಮತ್ತೆ ಬೆಳೆಯುವುದಕ್ಕೆ ವಿಕಿರಣದ ಗಾಯವನ್ನು ಕಾರಣವಾಗಿ ಕೊಡುವಂತಿಲ್ಲ. ನೋಟಕ್ಕಿಂತ ಬೆಳವಣಿಗೆಗೆ ಹೆಚ್ಚು ತೂಕ ಕೊಟ್ಟದ್ದು ಈ ಕಾರಣಕ್ಕೆ.

ರೋಗಿಗೆ ಈ ತೀರ್ಮಾನ ನೆಮ್ಮದಿ ತಂದಿತೆಂದು ಹೇಳಲಾರೆ. ತೆಗೆದುಬಿಟ್ಟರೆ ಮುಗಿದುಹೋಗುತ್ತದೆ ಎಂಬ ಯೋಚನೆಗೆ ಅವರು ಆಗಲೇ ಮನಸ್ಸನ್ನು ಒಗ್ಗಿಸಿಕೊಂಡಿದ್ದರು, ಕಾಯುವುದು ಅವರಿಗೆ ಹೊಸದಾಗಿ ಕಲಿಯಬೇಕಾದ ಕೆಲಸವಾಯಿತು. ಮೊದಲ ಮರುಪರೀಕ್ಷೆಯನ್ನು ವರ್ಷಕ್ಕೆ ಬದಲು ಆರು ತಿಂಗಳಿಗೇ ಇಟ್ಟದ್ದು ವೈದ್ಯಕೀಯ ಕಾರಣಕ್ಕಿಂತ ಅವರ ಆತಂಕವನ್ನು ನೋಡಿ.

ಆ ಪರೀಕ್ಷೆಯಲ್ಲಿ ಬದಲಾವಣೆಯಿರಲಿಲ್ಲ, ಎಂಟನೆಯ ವರ್ಷದಲ್ಲೂ ಇರಲಿಲ್ಲ. ಒಂಬತ್ತನೆಯ ವರ್ಷದ ಅಳತೆ 2.1, 1.7, 1.6 ಸೆಂಟಿಮೀಟರ್, ಘನಗಾತ್ರ 3 ಮಿಲಿಲೀಟರ್. ಸುಣ್ಣ ಸ್ವಲ್ಪ ಹೆಚ್ಚಾಗಿದೆ, ಅದರ ನೆರಳು ಗಂಟಿನ ಹಿಂಭಾಗವನ್ನು ಮರೆಮಾಡತೊಡಗಿದೆ, ಹಾಗಾಗಿ ಆಳದ ಅಳತೆಯನ್ನು ಮೊದಲಿನಷ್ಟು ನಂಬುವಂತಿಲ್ಲ. ಅಲ್ಟ್ರಾಸೌಂಡ್ ಕೋರಿಕೆ ಚೀಟಿಯ ಮೊದಲ ಸಾಲಿನಲ್ಲಿ ಈಗ ಚಿಕಿತ್ಸೆಯ ವರ್ಷ, 15 ಮಿಲಿಕ್ಯೂರಿ, ಬಲಗಂಟು, ಆರಂಭದ ಘನಗಾತ್ರ 11 ಮಿಲಿಲೀಟರ್ ಎಂದು ಬರೆದಿರುತ್ತದೆ. ಅದೇ ಸಾಲು ಅವರ ಬಳಿ ಇರುವ ಚೀಟಿಯಲ್ಲೂ ಇದೆ. ಮುಂದಿನ ಅಲ್ಟ್ರಾಸೌಂಡ್ ಎರಡು ವರ್ಷಗಳ ನಂತರ, ಟಿಎಸ್‌ಎಚ್ ಪರೀಕ್ಷೆ ಮೊದಲಿನಂತೆ ಪ್ರತಿ ವರ್ಷ.